ಓದುಗರ ಪ್ರಶ್ನೆ: ಮಾನವ ಹಕ್ಕು ಆಯೋಗದ ಮುಂದೆ ನಮ್ಮ ಮಾತು ನಡೆಯುತ್ತದೆಯೇ?

ಮುಂಬೈ, ಪುಣೆ, ಗೋವಾದ ಓದುಗರಿಂದ ಬಂದ ಪತ್ರಗಳಲ್ಲಿ ಈ ಸಲ ಮಾನವ ಹಕ್ಕಿನ ದೂರು ಮತ್ತು ಅದರ ವಿಚಾರಣೆಯ ಬಗ್ಗೆ ಕೇಳಿದವನ್ನು ಆರಿಸಿಕೊಂಡಿದ್ದೇವೆ. ಬರೆದವರ ಹೆಸರು, ಠಾಣೆ ಮತ್ತು ಕಚೇರಿಗಳ ಹೆಸರು ಬೇಕೆಂದೇ ಬಿಟ್ಟಿದ್ದೇವೆ.

ಪ್ರಶ್ನೆ: ನನ್ನ ಭಾವಮೈದುನ ಟೆಂಪೊ ಓಡಿಸುತ್ತಾನೆ. ಕಳವಿನ ಶಂಕೆ ಎಂದು ಪೊಲೀಸರು ಕರೆದೊಯ್ದು ರಾತ್ರಿಯಿಡೀ ಕೂಡಿಸಿ ಹೊಡೆದಿದ್ದಾರೆ. ಮರುದಿನ ಸಂಜೆ ಬಿಟ್ಟರು. ಎಫ್‌ಐಆರ್ ಇಲ್ಲ, ದಸ್ತಗಿರಿ ಕಾಗದವೂ ಇಲ್ಲ. ಮಾನವ ಹಕ್ಕು ಆಯೋಗಕ್ಕೆ ಬರೆಯಿರಿ ಅನ್ನುತ್ತಾರೆ. ನಮಗೆ ಮರಾಠಿ ಮಾತಾಡಲು ಬರುತ್ತದೆ, ಬರೆಯಲು ಬಾರದು. ಕನ್ನಡದಲ್ಲಿ ಬರೆಯಬಹುದೇ? ಎಲ್ಲಿಗೆ ಕಳಿಸಬೇಕು?
(ಡೊಂಬಿವಲಿ)

ಪತ್ರ ಆಮೇಲೆ, ಮೊದಲು ಆಸ್ಪತ್ರೆ. ಇವತ್ತೇ ಸರ್ಕಾರಿ ಅಥವಾ ಪಾಲಿಕೆ ಆಸ್ಪತ್ರೆಗೆ ಕರೆದೊಯ್ದು, "ಪೊಲೀಸರು ಹೊಡೆದದ್ದು" ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಿ, ಎಂಎಲ್‌ಸಿ (ಮೆಡಿಕೊ-ಲೀಗಲ್ ಕೇಸ್, ಅಂದರೆ ಕಾನೂನಿಗೆ ಬೇಕಾಗುವ ಗಾಯದ ದಾಖಲೆ) ನೋಂದಣಿ ಮಾಡಿಸಿ. ಅನೇಕರು ಹೆದರಿ "ಬಿದ್ದು ಪೆಟ್ಟಾಯಿತು" ಎಂದು ಬರೆಸಿಬಿಡುತ್ತಾರೆ. ಆ ಒಂದು ಸಾಲನ್ನು ಆಮೇಲೆ ಯಾವ ಅಫಿಡವಿಟ್ಟಿನಿಂದಲೂ ಅಳಿಸಲಾಗುವುದಿಲ್ಲ. ಬಾಸುಂಡೆಯ ಬಣ್ಣ ದಿನದಿನಕ್ಕೂ ಬದಲಾಗುತ್ತದೆ: ಮೊದಲು ಕೆಂಪು, ಆಮೇಲೆ ನೀಲಿ, ನಾಲ್ಕೈದು ದಿನ ಕಳೆದ ಮೇಲೆ ಹಸಿರು, ಹಳದಿ; ಎರಡು ವಾರದಲ್ಲಿ ಬಹುತೇಕ ಮಾಯ. ಪೆಟ್ಟು ಹೊಸದೋ ಹಳೆಯದೋ ಎಂದು ಅಂದಾಜಿಸಲು ಈ ಬಣ್ಣ ನೆರವಾಗುತ್ತದೆ, ದಿನ ಮಾತ್ರ ಖಚಿತವಾಗಿ ಹೇಳಲಾಗದು. ಹಗಲು ಬೆಳಕಿನಲ್ಲಿ, ಗಾಯದ ಪಕ್ಕ ಒಂದು ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ಹತ್ತಿರದ್ದೊಂದು, ಮುಖವೂ ಕಾಣುವಂತೆ ದೂರದ್ದೊಂದು. ಅಂಗಾಲು ನೋಡಲು ಮರೆಯಬೇಡಿ, ಏಕೆಂದರೆ ಅಲ್ಲಿಯ ಪೆಟ್ಟು ಮೇಲ್ನೋಟಕ್ಕೆ ಕಾಣುವುದಿಲ್ಲ. ರಕ್ತ ಅಂಟಿದ ಬಟ್ಟೆಯನ್ನು ಒಗೆಯದೆ, ನೆರಳಲ್ಲಿ ಒಣಗಿಸಿ, ಕಾಗದದ ಚೀಲದಲ್ಲಿ ಇಡಿ. ಪ್ಲಾಸ್ಟಿಕ್‌ನಲ್ಲಿಟ್ಟರೆ ಪಸೆ ಕೂತು ಬೂಷ್ಟು ಹಿಡಿಯುತ್ತದೆ.

ಇನ್ನು ಎಲ್ಲಿಗೆ ಎಂಬ ಪ್ರಶ್ನೆ. ಠಾಣೆಯ ಪೊಲೀಸರು ರಾಜ್ಯ ಸರ್ಕಾರದವರು, ಆದ್ದರಿಂದ ಮಹಾರಾಷ್ಟ್ರ ರಾಜ್ಯ ಮಾನವ ಹಕ್ಕುಗಳ ಆಯೋಗ. ಕಚೇರಿ ಮುಂಬೈಯ ಸಿಎಸ್‌ಎಂಟಿ ಎದುರು, ಹಜಾರಿಮಲ್ ಸೋಮಾನಿ ಮಾರ್ಗದಲ್ಲಿದೆ. ಲೋಕಲ್ ರೈಲಿನಲ್ಲೋ ಪ್ಲಾಟ್‌ಫಾರ್ಮಿನಲ್ಲೋ ನಡೆದ ಘಟನೆಯಾದರೆ ಮೊದಲು ಸಮವಸ್ತ್ರ ಯಾರದ್ದೆಂದು ನೋಡಿಕೊಳ್ಳಬೇಕು. ಜಿಆರ್‌ಪಿ (ಸರ್ಕಾರಿ ರೈಲ್ವೆ ಪೊಲೀಸ್) ರಾಜ್ಯದ ಪೊಲೀಸ್, ಆರ್‌ಪಿಎಫ್ (ರೈಲ್ವೆ ರಕ್ಷಣಾ ಪಡೆ) ಕೇಂದ್ರದ್ದು. ರಾಜ್ಯ ಆಯೋಗಕ್ಕೆ ಸಂವಿಧಾನದ ರಾಜ್ಯಪಟ್ಟಿ ಮತ್ತು ಸಮವರ್ತಿ ಪಟ್ಟಿಯ ವಿಷಯಗಳ ಮೇಲಷ್ಟೇ ಅಧಿಕಾರ, ರೈಲ್ವೆ ಕೇಂದ್ರ ಪಟ್ಟಿಯಲ್ಲಿದೆ. ಹಾಗಾಗಿ ಆರ್‌ಪಿಎಫ್ ಮೇಲಿನ ದೂರು ದಿಲ್ಲಿಯ ರಾಷ್ಟ್ರೀಯ ಆಯೋಗಕ್ಕೆ ಹೋಗಬೇಕು.

ಎರಡೂ ಕಡೆ ಹಾಕಬೇಡಿ. ರಾಷ್ಟ್ರೀಯ ಆಯೋಗ ಕೈಗೆತ್ತಿಕೊಂಡದ್ದನ್ನು ರಾಜ್ಯ ಆಯೋಗ ವಿಚಾರಿಸುವಂತಿಲ್ಲ, ರಾಜ್ಯ ಆಯೋಗದ ಮುಂದಿರುವುದನ್ನು ರಾಷ್ಟ್ರೀಯ ಆಯೋಗ ಮುಟ್ಟುವಂತಿಲ್ಲ. ಮುಖ್ಯಮಂತ್ರಿ, ಕಮಿಷನರ್, ಎರಡು ಆಯೋಗ, ನಾಲ್ಕು ಪತ್ರಿಕೆ ಎಂದು ಒಂದೇ ಪತ್ರವನ್ನು ಹತ್ತು ಕಡೆ ಹಂಚಿದರೆ, ಎಲ್ಲರೂ ಇನ್ನೊಬ್ಬರು ನೋಡಿಕೊಳ್ಳುತ್ತಾರೆಂದು ಕೈಬಿಡುತ್ತಾರೆ.

ಭಾಷೆಯ ಮಾತು: ರಾಷ್ಟ್ರೀಯ ಆಯೋಗ ಸಂವಿಧಾನದ 8ನೇ ಪರಿಚ್ಛೇದದ ಯಾವ ಭಾಷೆಯಲ್ಲಾದರೂ ದೂರು ತೆಗೆದುಕೊಳ್ಳುತ್ತದೆ, ಅದರಲ್ಲಿ ಕನ್ನಡವೂ ಇದೆ. ರಾಜ್ಯ ಆಯೋಗಕ್ಕೆ ಬರೆಯುವಾಗ ಮರಾಠಿ ಅಥವಾ ಇಂಗ್ಲಿಷ್ ಪ್ರತಿಯನ್ನೇ ಮುಂದಿಡಿ, ನೊಂದವರು ಕನ್ನಡದಲ್ಲಿ ಹೇಳಿದ್ದನ್ನು ಹಾಗೆಯೇ ಬರೆದು ಅನುಬಂಧವಾಗಿ ಸೇರಿಸಿ. ಮೂಲ ಮಾತು ಕಡತದಲ್ಲಿದ್ದರೆ, ಅನುವಾದ ತಪ್ಪಿತೆಂಬ ತಕರಾರು ಬಂದಾಗ ಕೈಹಿಡಿಯುತ್ತದೆ. ಶುಲ್ಕವಿಲ್ಲ. ವಕೀಲರು ಇರಲೇಬೇಕೆಂದಿಲ್ಲ. ನೊಂದವರ ಪರವಾಗಿ ಯಾರು ಬೇಕಾದರೂ ದೂರು ಕೊಡಬಹುದು, ನೀವೇ ಕೊಡಬಹುದು.

ಎರಡು ಪುಟ ಸಾಕು. ಯಾರನ್ನು, ಯಾವ ತಾರೀಖು ಎಷ್ಟು ಗಂಟೆಗೆ, ಎಲ್ಲಿಂದ, ಯಾರು ಕರೆದೊಯ್ದರು (ಹೆಸರು ಗೊತ್ತಿಲ್ಲದಿದ್ದರೆ ಎದೆಯ ಮೇಲಿನ ಪಟ್ಟಿ, ಗಾಡಿ ನಂಬರ್, ಚಹರೆ), ಠಾಣೆಯಲ್ಲಿ ಏನಾಯಿತು, ಎಷ್ಟು ಗಂಟೆಗೆ ಬಿಟ್ಟರು, ಯಾವ ಆಸ್ಪತ್ರೆ, ಸಾಕ್ಷಿ ಯಾರು, ನಿಮಗೆ ಬೇಕಾದ ಪರಿಹಾರವೇನು. "ಅಮಾನುಷ", "ರಾಕ್ಷಸೀಯ" ಎಂಬ ಪದಗಳ ಜಾಗದಲ್ಲಿ ಗಂಟೆ ನಿಮಿಷ ಬರೆಯಿರಿ. ದಸ್ತಗಿರಿ ತೋರಿಸದೆ ರಾತ್ರಿಯಿಡೀ ಕೂಡಿಸಿದ್ದೇ ಒಂದು ಉಲ್ಲಂಘನೆ, ಹೊಡೆತ ಇನ್ನೊಂದು. ಬೇರೆಬೇರೆಯಾಗಿ ಬರೆಯಿರಿ. ಒಂದು ರುಜುವಾತಾಗದಿದ್ದರೂ ಇನ್ನೊಂದು ನಿಲ್ಲುತ್ತದೆ.

ಘಟನೆ ನಡೆದ ದಿನದಿಂದ ಒಂದು ವರ್ಷ ದಾಟಿದರೆ ಆಯೋಗ ವಿಚಾರಿಸುವಂತಿಲ್ಲ. 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 36ನೇ ಕಲಂ ಇದು. ಕೈಯಾರೆ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಇನ್‌ವರ್ಡ್ ಮುದ್ರೆ ಹಾಕಿಸಿಕೊಳ್ಳಿ. ಅಂಚೆಯಾದರೆ ಸ್ಪೀಡ್ ಪೋಸ್ಟ್ ರಸೀತಿ ಮತ್ತು ತಲುಪಿದ್ದರ ಟ್ರ್ಯಾಕಿಂಗ್ ಪ್ರಿಂಟ್ ಒಟ್ಟಿಗೆ ಪಿನ್ ಮಾಡಿ ಇಡಿ. ಪೋಚ್ (ತಲುಪಿದ್ದಕ್ಕೆ ಸ್ವೀಕೃತಿ) ಇಲ್ಲದ ಕಾಗದಕ್ಕೆ ಇಲ್ಲಿಯ ಯಾವ ಕಚೇರಿಯಲ್ಲೂ ಬೆಲೆಯಿಲ್ಲ.

ಪ್ರಶ್ನೆ: ಆಯೋಗಕ್ಕೆ ದೂರು ಕೊಟ್ಟು ಐದು ತಿಂಗಳಾಯಿತು. "ಅಂಥ ಘಟನೆ ನಡೆದೇ ಇಲ್ಲ" ಎಂದು ಪೊಲೀಸರು ವರದಿ ಕೊಟ್ಟಿದ್ದಾರಂತೆ. ಇನ್ನು ಮುಗಿಯಿತೇ?
(ಕುರ್ಲಾ)

ಮುಗಿದಿಲ್ಲ. ನಿಜವಾದ ವಿಚಾರಣೆ ಶುರುವಾಗುವುದೇ ಇಲ್ಲಿ, ಹೆಚ್ಚಿನ ದೂರುಗಳು ಸಾಯುವುದೂ ಇಲ್ಲೇ. 1993ರ ಅದೇ ಮಾನವ ಹಕ್ಕು ಕಾಯ್ದೆಯ (ಮುಂದೆ ಬರೀ ಕಲಂ ಎಂದರೆ ಇದೇ ಕಾಯ್ದೆಯದ್ದು) 17ನೇ ಕಲಂ ಪ್ರಕಾರ ಆಯೋಗ ಮೊದಲು ಸಂಬಂಧಪಟ್ಟ ಇಲಾಖೆಗೆ ಗಡುವು ಹಾಕಿ ವರದಿ ಕೇಳುತ್ತದೆ. ಗಡುವಿನೊಳಗೆ ವರದಿ ಬಾರದಿದ್ದರೆ ಕಾಯಬೇಕಿಲ್ಲ, ತಾನೇ ವಿಚಾರಣೆಗೆ ಇಳಿಯಬಹುದು. ವರದಿ ಬಂದು, ಇನ್ನು ವಿಚಾರಣೆ ಬೇಡ ಅಥವಾ ಇಲಾಖೆಯೇ ಕ್ರಮ ಕೈಗೊಂಡಿದೆ ಎಂದು ಮನವರಿಕೆಯಾದರೆ ಕಡತ ಮುಚ್ಚಿ ದೂರುದಾರರಿಗೆ ತಿಳಿಸಬಹುದು.

ಆ ಮನವರಿಕೆ ಒಂದು ಕಡೆಯ ಕಾಗದ ಓದಿ ಆಗಬಾರದು. ಒಬ್ಬರು ಕೊಟ್ಟ ಕಾಗದವನ್ನು ಇನ್ನೊಬ್ಬರಿಗೆ ತೋರಿಸದೆ ಅದರ ಆಧಾರದ ಮೇಲೆ ತೀರ್ಮಾನ ಬರೆದರೆ ಅದು ವಿಚಾರಣೆಯೇ ಅಲ್ಲ. ಆದ್ದರಿಂದ ಮೊದಲ ಅರ್ಜಿ ಇದು: "ಪ್ರಕರಣ ಸಂಖ್ಯೆ ಇಂಥದರಲ್ಲಿ ಬಂದಿರುವ ವರದಿ ಮತ್ತು ಅದರ ಎಲ್ಲ ಅನುಬಂಧಗಳ ನಕಲು ಕೊಡಬೇಕು, ನಕಲು ಸಿಕ್ಕ ದಿನದಿಂದ ಲೆಕ್ಕ ಹಿಡಿದು ಉತ್ತರಕ್ಕೆ ಕಾಲಾವಕಾಶ ಕೊಡಬೇಕು, ಅಲ್ಲಿಯವರೆಗೆ ಪ್ರಕರಣ ಮುಕ್ತಾಯ ಮಾಡಬಾರದು." ಅನುಬಂಧ ಎಂಬ ಪದ ಬಿಡಬೇಡಿ. ವರದಿಯ ಎರಡು ಪುಟ ಕೊಟ್ಟು, ಅದಕ್ಕೆ ಆಧಾರವಾದ ಸ್ಟೇಷನ್ ಡೈರಿಯ ನಕಲನ್ನೋ ಸಾಕ್ಷಿಗಳ ಹೇಳಿಕೆಯನ್ನೋ ಕೊಡದೆ ಹೋದರೆ ನಿಮಗೆ ಹಿಡಿಯಲು ಏನೂ ಸಿಗದು.

ಉತ್ತರವನ್ನು ಕಥೆಯಂತೆ ಬರೆಯಬೇಡಿ, ವರದಿಯ ಪ್ಯಾರಾ ಹಿಡಿದು ಬರೆಯಿರಿ. ವರದಿಯ 3ನೇ ಪ್ಯಾರಾದಲ್ಲಿ "ಸದರಿ ಇಸಮನ್ನು (ವ್ಯಕ್ತಿಯನ್ನು) ಠಾಣೆಗೆ ಕರೆತಂದಿಲ್ಲ" ಎಂದಿದೆ ಅನ್ನಿ. ಉತ್ತರ ಹೀಗಿರಲಿ: "ಪ್ಯಾರಾ 3 ಒಪ್ಪುವುದಿಲ್ಲ. 14ನೇ ತಾರೀಖು ರಾತ್ರಿ 9.40ಕ್ಕೆ ಠಾಣೆಯೊಳಗಿಂದ ಆತ ಹೆಂಡತಿಗೆ ಕರೆ ಮಾಡಿದ್ದಾನೆ, ಕರೆಪಟ್ಟಿಯ ಚಿತ್ರ ಅನುಬಂಧ 2. ಅದೇ ರಾತ್ರಿ 11.15ಕ್ಕೆ ಊಟದ ಡಬ್ಬಿ ಒಯ್ದ ಅಣ್ಣನ ಅಫಿಡವಿಟ್ ಅನುಬಂಧ 3. 15ರ ಸಂಜೆ 7.20ರ ಎಂಎಲ್‌ಸಿ ಕಾಗದ ಅನುಬಂಧ 4. ವರದಿಗೆ ಲಗತ್ತಿಸಿದ ಡೈರಿಯ ಪುಟದಲ್ಲಿ 14ರ ರಾತ್ರಿ 9ರಿಂದ 12ರವರೆಗೆ ಒಂದು ನಮೂದೂ ಇಲ್ಲ. ಮೂಲ ಡೈರಿಯನ್ನೇ ತರಿಸಿ ನೋಡಬೇಕು." ಇಂಥ ನಾಲ್ಕು ಸಾಲಿಗೆ ಹತ್ತು ಪುಟದ ಗೋಳಿಗಿಂತ ತೂಕ ಹೆಚ್ಚು. ವಾಟ್ಸಾಪ್ ಚಿತ್ರ, ಧ್ವನಿಮುದ್ರಣ ಕೊಡುವುದಾದರೆ ಮೂಲ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೇಳುವ ಪ್ರಮಾಣಪತ್ರವನ್ನೂ ಜೊತೆಗಿಡಿ.

ಸಿಸಿಟಿವಿಯದ್ದು ಪ್ರತ್ಯೇಕ ಅರ್ಜಿ, ಅದೂ ದೂರಿನ ದಿನವೇ. ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟ್ ಎಲ್ಲ ಠಾಣೆಗಳಲ್ಲೂ ಕ್ಯಾಮೆರಾ ಇರಬೇಕೆಂದಿತು: ಒಳಹೋಗುವ, ಹೊರಬರುವ ಬಾಗಿಲು, ಎಲ್ಲ ಲಾಕಪ್, ಕಾರಿಡಾರ್, ಇನ್‌ಸ್ಪೆಕ್ಟರ್ ಕೋಣೆ, ಶೌಚಾಲಯದ ಹೊರಗೆ, ಠಾಣೆಯ ಹಿಂಭಾಗ. ರಾತ್ರಿಯೂ ಕಾಣಬೇಕು, ಧ್ವನಿಯೂ ದಾಖಲಾಗಬೇಕು. ಕ್ಯಾಮೆರಾದ ದೃಶ್ಯ ಮುದ್ರಿಕೆಯನ್ನು 18 ತಿಂಗಳು ಇಡಬೇಕು. ಅಂಥ ಉಪಕರಣ ಮಾರುಕಟ್ಟೆಯಲ್ಲಿ ಸಿಗದಿದ್ದರೂ ಒಂದು ವರ್ಷಕ್ಕಿಂತ ಕಡಿಮೆಯಾಗಕೂಡದು. ಠಾಣೆಯಲ್ಲಿ ಬಲಪ್ರಯೋಗದಿಂದ ತೀವ್ರ ಗಾಯವಾದರೆ ಆಯೋಗ ಕೂಡಲೇ ಆ ಮುದ್ರಿಕೆ ತರಿಸಬಹುದು ಎಂದೂ ಅದೇ ಆದೇಶದಲ್ಲಿದೆ. "ಕ್ಯಾಮೆರಾ ಕೆಟ್ಟಿತ್ತು" ಎಂಬ ಉತ್ತರ ಬಂದರೆ ಅಲ್ಲಿಗೆ ಬಿಡಬೇಡಿ: ಯಾವ ತಾರೀಖಿಗೆ ಕೆಟ್ಟಿತು, ಯಾರಿಗೆ ಬರೆದರು, ರಿಪೇರಿ ಯಾವಾಗ ಆಯಿತು ಎಂಬ ಕಾಗದ ಕೇಳಿ. ನಿಮ್ಮ ಘಟನೆಯ ರಾತ್ರಿ ಮಾತ್ರ ಕೆಟ್ಟು ಮರುದಿನ ಸರಿಯಾಗಿದ್ದರೆ ಅದನ್ನೇ ಉತ್ತರದಲ್ಲಿ ಎತ್ತಿ ತೋರಿಸಿ.

ಇನ್ನೊಂದು ಮಾತು. ಆರೋಪ ಹೊತ್ತ ಠಾಣೆಯ ಮೇಲಿನ ಅಧಿಕಾರಿಯೇ ಬರೆದ ವರದಿಗಳು ಬಹಳ ಬರುತ್ತವೆ. ಆಯೋಗಕ್ಕೆ ತನ್ನದೇ ತನಿಖಾ ಸಿಬ್ಬಂದಿ ಇರಬೇಕು, ಅದರ ಮುಖ್ಯಸ್ಥರು ಇನ್‌ಸ್ಪೆಕ್ಟರ್ ಜನರಲ್ ದರ್ಜೆಗೆ ಕಡಿಮೆ ಇರಬಾರದು ಎಂದು 27ನೇ ಕಲಂ ಹೇಳುತ್ತದೆ. "ಈ ವರದಿಯನ್ನು ಅವಲಂಬಿಸದೆ ಆಯೋಗದ ತನಿಖಾ ವಿಭಾಗದಿಂದಲೇ ತನಿಖೆ ಮಾಡಿಸಿ" ಎಂದು ಬರೆದು ಕೇಳುವ ಹಕ್ಕು ನಿಮ್ಮದು, ಕೇಳಿಯೇ ಕೇಳಿ.

ಪ್ರಶ್ನೆ: ಆಯೋಗದ ವಿಚಾರಣೆಗೆ ತಾರೀಖು ಬಂದಿದೆ. ನನ್ನ ತಾಯಿಗೆ ಕನ್ನಡ ಬಿಟ್ಟು ಏನೂ ಬರುವುದಿಲ್ಲ, ಕೋರ್ಟು ಕಚೇರಿ ಕಂಡವರಲ್ಲ. ಅಲ್ಲಿ ಏನು ನಡೆಯುತ್ತದೆ?
(ಸಯಾನ್ ಕೋಳಿವಾಡ)

ಕೋರ್ಟಿನಷ್ಟು ಬಿಗಿ ಇರುವುದಿಲ್ಲ, ಹಾಗೆಂದು ಸಡಿಲವೂ ಅಲ್ಲ. 13ನೇ ಕಲಂ ಆಯೋಗಕ್ಕೆ ಸಿವಿಲ್ ನ್ಯಾಯಾಲಯದ ಅಧಿಕಾರ ಕೊಟ್ಟಿದೆ: ಸಾಕ್ಷಿಗೆ ಸಮನ್ಸ್ ಕಳಿಸುವುದು, ಪ್ರಮಾಣ ಮಾಡಿಸಿ ಹೇಳಿಕೆ ಪಡೆಯುವುದು, ದಾಖಲೆ ಹಾಜರುಪಡಿಸಲು ಹೇಳುವುದು, ಅಫಿಡವಿಟ್ ಮೇಲೆ ಸಾಕ್ಷ್ಯ ತೆಗೆದುಕೊಳ್ಳುವುದು, ಹಾಸಿಗೆ ಹಿಡಿದವರ ಬಳಿಗೆ ಕಮಿಷನ್ (ಹೇಳಿಕೆ ಬರೆದುಕೊಳ್ಳಲು ನೇಮಿಸಿದವರನ್ನು) ಕಳಿಸಿ ಹೇಳಿಕೆ ಬರೆಸುವುದು. ಅಲ್ಲಿ ಸುಳ್ಳು ಹೇಳುವುದು ಕೋರ್ಟಿನಲ್ಲಿ ಸುಳ್ಳು ಹೇಳಿದಂತೆಯೇ.

ದುಭಾಷಿ ಬೇಕೆಂದು ಒಂದು ವಾರ ಮೊದಲೇ ಅರ್ಜಿ ಕೊಟ್ಟು ಪೋಚ್ ತೆಗೆದುಕೊಳ್ಳಿ. ಆ ದಿನ ನಿಂತ ನಿಲುವಿನಲ್ಲಿ ಕೇಳಿದರೆ ಸಿಗುವುದು ಇನ್ನೊಂದು ತಾರೀಖು ಅಷ್ಟೆ. ಎದುರು ಪಕ್ಷದವರಲ್ಲೇ ಕನ್ನಡ ಬಲ್ಲವರೊಬ್ಬರು ಮುಂದೆ ಬಂದು "ನಾನೇ ಹೇಳುತ್ತೇನೆ" ಎಂದರೆ ಒಪ್ಪಬೇಡಿ. ನೀವು ಮಗನಾಗಿ ಅನುವಾದಿಸಬಹುದೇ ಎಂಬುದು ಆಯೋಗದ ವಿವೇಚನೆ; ಒಪ್ಪಿದರೂ ಅಮ್ಮ ಹೇಳಿದಷ್ಟನ್ನೇ ಹೇಳಿ, ನಿಮ್ಮದು ಸೇರಿಸಬೇಡಿ. ಅಮ್ಮ "ಅವರು ದಬ್ಬಿದರು" ಅಂದದ್ದು ನಿಮ್ಮ ಬಾಯಲ್ಲಿ "ಹೊಡೆದರು" ಆಯಿತೆಂದರೆ, ಪಾಟಿ ಸವಾಲಿನಲ್ಲಿ ಅದೇ ಬಿರುಕನ್ನು ಅಗಲಿಸುತ್ತಾರೆ. ಹೇಳಿಕೆಯನ್ನು ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳದೆ ಹೆಬ್ಬೆಟ್ಟಾಗಲಿ ಸಹಿಯಾಗಲಿ ಹಾಕುವುದು ಬೇಡ. ಓದಿ ಹೇಳಿದ್ದಾರೆಂಬ ಷರಾ ಹೇಳಿಕೆಯ ಕೆಳಗೆ ಬರಲಿ.

ದಾಖಲೆಗಳ ಮೂರು ಸೆಟ್ ಒಯ್ಯಿರಿ: ಆಯೋಗಕ್ಕೆ, ಎದುರಿನವರಿಗೆ, ನಿಮಗೆ. ಪುಟಸಂಖ್ಯೆ ಮೂರರಲ್ಲೂ ಒಂದೇ ಇರಬೇಕು. ಮೂಲ ಕಾಗದ ತೋರಿಸಿ, ಕೊಡುವುದು ನಕಲು. ನಿಮ್ಮ ಸರದಿಗೆ ಸಿಗುವುದು ಕೆಲವೇ ನಿಮಿಷ. ಆದ್ದರಿಂದ ತಾರೀಖುಗಳ ಪಟ್ಟಿಯೊಂದನ್ನು ಒಂದೇ ಪುಟದಲ್ಲಿ ಬರೆದು ಮೇಲಿಡಿ. ಎದುರಿನವರು ಆ ದಿನ ಹೊಸ ಕಾಗದ ಕೊಟ್ಟರೆ "ನಕಲು ಈಗ ಸಿಕ್ಕಿತು, ಓದಿ ಉತ್ತರಿಸಲು ಸಮಯ ಬೇಕು" ಎಂದು ಹೇಳಿ, ಅದು ರೋಜನಾಮೆಯಲ್ಲಿ ಬರೆಯಲ್ಪಟ್ಟಿತೇ ನೋಡಿ. ಅಂದಂದಿನ ನಡಾವಳಿ ಬರೆಯುವ ಆ ಹಾಳೆಯೇ ಮುಂದೆ ಹೈಕೋರ್ಟಿನಲ್ಲಿ ನಿಮ್ಮ ಸಾಕ್ಷಿ. ನೀವು ಬಾಯಲ್ಲಿ ಕೇಳಿ ಅಲ್ಲಿ ದಾಖಲಾಗದ ಬೇಡಿಕೆ, ಕೇಳದ ಬೇಡಿಕೆಗೆ ಸಮ.

ಬರಲಾಗದಿದ್ದರೆ ಮುಂಚೆಯೇ ಬರೆದು ತಿಳಿಸಿ. ಸುಮ್ಮನೆ ಗೈರುಹಾಜರಾದರೆ "ದೂರುದಾರರಿಗೆ ಆಸಕ್ತಿಯಿಲ್ಲ" ಎಂದು ಮುಚ್ಚಿಬಿಡುವ ಅಪಾಯವಿದೆ. ಊರಿಗೆ ಹೋಗುವ ಕೂಲಿಯವರ ಪ್ರಕರಣಗಳು ಕೈತಪ್ಪುವುದು ಬಹುಪಾಲು ಹೀಗೇ. ವಿಳಾಸ, ಫೋನ್ ನಂಬರ್ ಬದಲಾದರೆ ಅದನ್ನೂ ಪ್ರಕರಣ ಸಂಖ್ಯೆ ಹಾಕಿ ತಿಳಿಸಿ.

ತಾಯಿಯವರ ಹೆದರಿಕೆಗೆ ಒಂದು ಸಮಾಧಾನ: ಆಯೋಗ ಕೇಳಿದ್ದಕ್ಕೆ ಅಲ್ಲಿ ಸಾಕ್ಷ್ಯವಾಗಿ ಹೇಳಿದ ಮಾತನ್ನು ಬೇರೆ ಸಿವಿಲ್ ಅಥವಾ ಕ್ರಿಮಿನಲ್ ಪ್ರಕರಣದಲ್ಲಿ ಅವರ ವಿರುದ್ಧ ಬಳಸುವಂತಿಲ್ಲ, ಸುಳ್ಳುಸಾಕ್ಷ್ಯದ ಮೊಕದ್ದಮೆ ಹೊರತು (15ನೇ ಕಲಂ). ಕಾರಿಡಾರಿನಲ್ಲಿ ಯಾರಾದರೂ ಬಂದು "ಇಲ್ಲೊಂದು ಸಹಿ ಹಾಕಿ, ಮುಗಿಸೋಣ" ಎಂದರೆ ಹಾಕಬೇಡಿ. ಬೆದರಿಕೆ ಬಂದರೆ ಸರದಿ ಬಂದ ಕೂಡಲೇ ಮೊದಲ ಮಾತಾಗಿ ಅದನ್ನೇ ಹೇಳಿ. ವಕೀಲರು ಬೇಕೆನಿಸಿದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಿ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಉಚಿತ ನೆರವಿನ ಹಕ್ಕಿದೆ.

ಪ್ರಶ್ನೆ: ನಾನು ಪೊಲೀಸ್ ಕಾನ್‌ಸ್ಟೇಬಲ್. ದೂರೊಂದರಲ್ಲಿ ನನ್ನ ಹೆಸರಿದೆ. ಆ ರಾತ್ರಿ ನಾನು ಬಂದೋಬಸ್ತಿಗೆ ಹೋಗಿದ್ದೆ. ನನ್ನನ್ನು ಕರೆಯದೆಯೇ ತೀರ್ಮಾನ ಮಾಡಿಬಿಟ್ಟರೆ?
(ಪುಣೆ)

ಮಾಡುವಂತಿಲ್ಲ. ಯಾರ ನಡತೆಯನ್ನು ವಿಚಾರಿಸಬೇಕಾಗುತ್ತದೋ, ಯಾರ ಹೆಸರಿಗೆ ಕಳಂಕ ಬರುವ ಸಂಭವವಿದೆಯೋ ಅವರಿಗೆ ಹೇಳಿಕೊಳ್ಳಲು, ಸಾಕ್ಷ್ಯ ಒದಗಿಸಲು ತಕ್ಕ ಅವಕಾಶ ಕೊಡಲೇಬೇಕು ಎನ್ನುತ್ತದೆ 16ನೇ ಕಲಂ. ವಿಚಾರಣಾ ಆಯೋಗಗಳ ಕಾಯ್ದೆಯಲ್ಲೂ ಇಂಥದೇ ನಿಯಮವಿದೆ. ಅದರ ಕುರಿತು ಕಿರಣ್ ಬೇಡಿ ಪ್ರಕರಣದಲ್ಲಿ 1989ರಲ್ಲಿ ಸುಪ್ರೀಂ ಕೋರ್ಟ್, ಆರೋಪ ಹೊತ್ತವರನ್ನೇ ಮೊದಲು ಕಟಕಟೆಗೆ ಹತ್ತಿಸಬಾರದು, ಆರೋಪದ ಸಾಕ್ಷ್ಯವೆಲ್ಲ ಬಂದ ಮೇಲೆ ಅವರ ಸರದಿ ಎಂದಿತು. ತನ್ನ ಮೇಲೆ ಬಂದಿರುವುದೇನೆಂದು ತಿಳಿಯದೆ ಯಾರಾದರೂ ಏನೆಂದು ಉತ್ತರಿಸಿಯಾರು?

ಇಲಾಖೆ ಕೊಡುವ ವರದಿಯೇ ನಿಮ್ಮ ಉತ್ತರ ಎಂದು ಸುಮ್ಮನಿರಬೇಡಿ. ಇಲಾಖೆಯ ಹಿತ, ನಿಮ್ಮ ಹಿತ ಎಲ್ಲಾ ಸಲ ಒಂದೇ ಆಗಿರುವುದಿಲ್ಲ. ಕೊನೆಗೆ ಕೆಳಗಿನವನ ತಲೆಗೆ ಕಟ್ಟುವುದು ಸುಲಭ. ನಿಮ್ಮ ಹೆಸರಿನಲ್ಲೇ ಅಫಿಡವಿಟ್ ಹಾಕಿ. ದೂರು, ಅದರ ಅನುಬಂಧ, ಇಲಾಖೆಯ ವರದಿ, ಈವರೆಗಿನ ಹೇಳಿಕೆಗಳ ನಕಲು ಕೇಳಿ. ಆ ರಾತ್ರಿಯ ಡ್ಯೂಟಿ ರಿಜಿಸ್ಟರ್, ಬಂದೋಬಸ್ತ್ ಆದೇಶ, ವಾಹನದ ಲಾಗ್‌ಬುಕ್ಕಿನ ಪುಟಗಳನ್ನು ತರಿಸುವಂತೆ ಅರ್ಜಿ ಕೊಡಿ. ಗುರುತಿನ ಬಗ್ಗೆ ತಕರಾರಿದ್ದರೆ ದೂರುದಾರರಿಗೆ ಯಾವ ಪ್ರಶ್ನೆ ಕೇಳಬೇಕೆಂಬುದನ್ನು ಬರೆದೇ ಕೊಡಿ. ದೂರುದಾರರ ಮನೆಗೆ ಮಾತ್ರ ಹೋಗಬೇಡಿ, ಫೋನೂ ಮಾಡಬೇಡಿ. "ವಿವರಿಸಲು ಹೋಗಿದ್ದೆ" ಎಂದು ನೀವು ಹೇಳಿದರೂ ಅದು ಬೆದರಿಕೆ ಎಂದೇ ದಾಖಲಾಗುತ್ತದೆ.

ದೂರು ಕೊಟ್ಟವರು ಈ ಉತ್ತರ ಓದಿ ಬೇಸರಪಡಬಾರದು. ಎದುರಿನವರನ್ನು ಕೇಳದೆ ಬಂದ ಆದೇಶವನ್ನು ಹೈಕೋರ್ಟ್ ರದ್ದು ಮಾಡಿದರೆ ವರ್ಷಗಟ್ಟಲೆ ಕಾದವರು ಮತ್ತೆ ಮೊದಲಿನ ಮೆಟ್ಟಿಲಿಗೆ ಬಂದು ನಿಲ್ಲುತ್ತಾರೆ. ಮುಂದಿನ ಪ್ರಶ್ನೆಯಲ್ಲಿ ಅಂಥದ್ದೇ ಒಂದು ಉದಾಹರಣೆಯಿದೆ.

ಪ್ರಶ್ನೆ: ಖಾಸಗಿ ಐಟಿ ಕಂಪನಿಯಲ್ಲಿ ಕೆಲಸ. ಮೇಲಧಿಕಾರಿಯ ಲೈಂಗಿಕ ಕಿರುಕುಳದ ಬಗ್ಗೆ ಮಾನವ ಹಕ್ಕು ಆಯೋಗಕ್ಕೆ ಹೋಗಬಹುದೇ? ಕಂಪನಿಯ ಸಮಿತಿ ಎರಡೇ ದಿನದಲ್ಲಿ ಮುಗಿಸುತ್ತೇವೆ ಅನ್ನುತ್ತಿದೆ.
(ಹಿಂಜವಡಿ)

ಆಯೋಗ ನೋಡುವುದು ಸರ್ಕಾರಿ ನೌಕರರು ಮಾಡಿದ ಉಲ್ಲಂಘನೆಯನ್ನು, ಅಥವಾ ಅದನ್ನು ತಡೆಯಲು ಅವರು ತೋರಿದ ನಿರ್ಲಕ್ಷ್ಯವನ್ನು. ನಿಮ್ಮದು ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಆಂತರಿಕ ಸಮಿತಿಯ ಮುಂದೆ ಹೋಗಬೇಕಾದ ವಿಷಯ. ಘಟನೆಯಿಂದ 3 ತಿಂಗಳೊಳಗೆ ಲಿಖಿತ ದೂರು. ಸಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ದೂರಿನ 6 ಪ್ರತಿ, ಜೊತೆಗೆ ದಾಖಲೆ ಮತ್ತು ಸಾಕ್ಷಿಗಳ ಹೆಸರು, ವಿಳಾಸ. ಸಮಿತಿ 7 ಕೆಲಸದ ದಿನಗಳೊಳಗೆ ಎದುರಿನವರಿಗೆ ಪ್ರತಿ ಕಳಿಸಬೇಕು, ಅವರು 10 ಕೆಲಸದ ದಿನಗಳೊಳಗೆ ಉತ್ತರಿಸಬೇಕು. ಎರಡು ದಿನದ ವಿಚಾರಣೆ ಎಂಬುದು ಈ ಲೆಕ್ಕಕ್ಕೇ ಹೊಂದುವುದಿಲ್ಲ. ಕಾಯ್ದೆ ಕೊಟ್ಟಿರುವ ಅವಧಿ 90 ದಿನ. ವಿಚಾರಣೆಗೆ ಅಧ್ಯಕ್ಷೆ ಸೇರಿ ಕನಿಷ್ಠ 3 ಸದಸ್ಯರು ಕೂತಿರಬೇಕು, ಸಮಿತಿಯಲ್ಲಿ ಅರ್ಧಕ್ಕೆ ಕಡಿಮೆಯಾಗದಷ್ಟು ಹೆಂಗಸರಿರಬೇಕು, ಹೊರಗಿನ ಸದಸ್ಯರೊಬ್ಬರು ಇರಬೇಕು. ವಕೀಲರಿಗೆ ಪ್ರವೇಶವಿಲ್ಲ. ಸಕಾರಣವಿಲ್ಲದೆ ಸತತ 3 ಸಲ ಬಾರದಿದ್ದರೆ, 15 ದಿನದ ಲಿಖಿತ ಸೂಚನೆ ಕೊಟ್ಟು ಸಮಿತಿ ಏಕಪಕ್ಷೀಯವಾಗಿ ಮುಂದುವರಿಯಬಹುದು, ಇಲ್ಲವೇ ವಿಚಾರಣೆ ನಿಲ್ಲಿಸಬಹುದು.

ಅವಸರ ನಿಮಗೆ ಲಾಭವೆಂದು ಎಣಿಸಬೇಡಿ. ಗೋವಾದ ವಿಶ್ವವಿದ್ಯಾಲಯವೊಂದರ ಅಧ್ಯಾಪಕರ ಪ್ರಕರಣದಲ್ಲಿ ಸಮಿತಿ ಕೊನೆಯ ಹಂತವನ್ನು ಓಡೋಡಿ ಮುಗಿಸಿತ್ತು. ಎದುರಿನವರಿಗೆ ತಕ್ಕ ಅವಕಾಶ ಸಿಕ್ಕಿಲ್ಲವೆಂದು 2023ರ ಮೇ 12ರಂದು ಸುಪ್ರೀಂ ಕೋರ್ಟ್ ವಜಾ ಆದೇಶವನ್ನು ರದ್ದುಮಾಡಿ, ಅವಸರ ಶುರುವಾದ ಹಂತದಿಂದ ವಿಚಾರಣೆ ಮತ್ತೆ ನಡೆಸಲು ಹೇಳಿತು. ಸಮಿತಿ ಕೂತದ್ದು 2009ರಲ್ಲಿ. ದೂರು ಕೊಟ್ಟ ವಿದ್ಯಾರ್ಥಿನಿಯರಿಗೆ 14 ವರ್ಷದ ಮೇಲೂ ಉತ್ತರ ಸಿಗಲಿಲ್ಲ ಎಂಬುದು ಎದೆಗೆ ಚುಚ್ಚುವ ಸಂಗತಿ. ನಿಮ್ಮ ಸಮಿತಿಗೆ ಇವತ್ತೇ ಬರೆಯಿರಿ: ಎದುರಿನವರ ಉತ್ತರದ ನಕಲು ನನಗೆ ಬೇಕು, ಸಾಕ್ಷಿಗಳನ್ನು ಕೇಳಿದ ಮೇಲೆಯೇ ಮುಗಿಸಿ.

ಪ್ರಶ್ನೆ: ವಿಚಾರಿಸುವವರು ಎದುರಿನವರಿಗೆ ಬೇಕಾದವರಾಗಿದ್ದರೆ?
(ಥಾಣೆ)

ಗೊತ್ತಾದ ಕೂಡಲೇ, ಆದೇಶ ಬರುವ ಮೊದಲೇ, ಕಾರಣ ಸಹಿತ ಲಿಖಿತ ಆಕ್ಷೇಪ ಸಲ್ಲಿಸಿ. ನೆಂಟಸ್ತನ, ಹಣದ ವ್ಯವಹಾರ, ಅದೇ ಪ್ರಕರಣದಲ್ಲಿ ಹಿಂದೆ ತೆಗೆದುಕೊಂಡ ಪಾತ್ರ ಇವು ನಿಲ್ಲುವ ಕಾರಣಗಳು. "ನನ್ನ ಮೇಲೆ ಸಿಡುಕಿದರು" ಎಂಬುದು ನಿಲ್ಲುವುದಿಲ್ಲ. ಸುಮ್ಮನಿದ್ದು, ಸೋತ ಮೇಲೆ ಎತ್ತಿದರೆ ಒಪ್ಪಿಕೊಂಡೇ ಕೂತಿದ್ದಿರಿ ಅನ್ನುತ್ತಾರೆ. ಕೇಳಿದವರೇ ತೀರ್ಮಾನಿಸಬೇಕು ಎಂಬ ತತ್ವವೂ ಇದೆ. ಒಬ್ಬರು ಆಲಿಸಿ ಇನ್ನೊಬ್ಬರು ಆದೇಶ ಕೊಟ್ಟದ್ದನ್ನು ಗುಲ್ಲಪಲ್ಲಿ ನಾಗೇಶ್ವರರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1958ರಲ್ಲೇ ತಳ್ಳಿಹಾಕಿದೆ. ಸದಸ್ಯರು ಬದಲಾದರೆ ಮತ್ತೊಮ್ಮೆ ಆಲಿಸುವಂತೆ ಅರ್ಜಿ ಕೊಡಿ.

ಪ್ರಶ್ನೆ: ನಾವು ವಿಜಯಪುರ, ಬಾಗಲಕೋಟೆ ಕಡೆಯವರು, ಇಪ್ಪತ್ತು ವರ್ಷದಿಂದ ಇಲ್ಲಿ ಗಾರೆ ಕೆಲಸ. ಮನೆ ಒಡೆಯುತ್ತೇವೆಂದು ಗೋಡೆಗೆ ನೋಟಿಸ್ ಅಂಟಿಸಿ ಹೋಗಿದ್ದಾರೆ. ನಮ್ಮನ್ನು ಕೇಳುವವರಿಲ್ಲವೇ?
(ವಾಸ್ಕೊ)

ಕೇಳಬೇಕೆಂದು ಹೇಳಿದ ದೊಡ್ಡ ತೀರ್ಪು ಹುಟ್ಟಿದ್ದೇ ಮುಂಬೈಯ ಫುಟ್‌ಪಾತಿನ ಮೇಲೆ. 1981ರ ಮಳೆಗಾಲದಲ್ಲಿ ಫುಟ್‌ಪಾತ್‌ವಾಸಿಗಳನ್ನು ಎಬ್ಬಿಸಲು ಹೊರಟಾಗ ಬಂದ ಓಲ್ಗಾ ಟೆಲಿಸ್ ಪ್ರಕರಣದಲ್ಲಿ, 1985ರ ಜುಲೈ 10ರಂದು ಸುಪ್ರೀಂ ಕೋರ್ಟ್ ಬದುಕುವ ಹಕ್ಕಿನಲ್ಲಿ ಜೀವನೋಪಾಯವೂ ಸೇರಿದೆ, ನೋಟಿಸ್ ಕೊಟ್ಟು ಕೇಳುವುದೇ ನಿಯಮ, ಕೇಳದಿರುವುದು ಅಪವಾದ ಎಂದಿತು. ತೆರವನ್ನೇ ತಡೆಯಲಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಮಳೆಗಾಲ ಕಳೆದು ಅಕ್ಟೋಬರ್ 31ರವರೆಗೆ ಕೈಹಚ್ಚಬೇಡಿ ಎಂದಿತ್ತು. ಗೋವಾದ ಮಳೆಯಲ್ಲಿ ಮಕ್ಕಳೊಂದಿಗೆ ಬೀದಿಗೆ ಬೀಳುವವರಿಗೆ ಅದು ಎತ್ತಿಹೇಳಬೇಕಾದ ಮಾತು.

2024ರ ನವೆಂಬರ್ 13ರ ಸುಪ್ರೀಂ ಕೋರ್ಟ್ ನಿರ್ದೇಶನ ಇನ್ನೂ ಸ್ಪಷ್ಟ: ಮಾಲೀಕ ಅಥವಾ ವಾಸಿಸುವವರಿಗೆ ನೋಂದಾಯಿತ ಅಂಚೆಯಲ್ಲಿ ನೋಟಿಸ್ ಹೋಗಬೇಕು, ಗೋಡೆಗೆ ಅಂಟಿಸುವುದು ಅದರ ಜೊತೆಗೆ, ತಲುಪಿದ ಮೇಲೆ 15 ದಿನ ಕೊಡಬೇಕು, ಖುದ್ದು ಆಲಿಸಿ ಅದರ ನಡಾವಳಿ ಬರೆಯಬೇಕು, ಕಾರಣ ಸಹಿತ ಆದೇಶವಾದ ಮೇಲೂ 15 ದಿನ ಕಾಯಬೇಕು, ಒಡೆಯುವುದನ್ನು ವಿಡಿಯೊ ಮಾಡಬೇಕು. ಆದರೆ ರಸ್ತೆ, ಫುಟ್‌ಪಾತ್, ರೈಲು ಹಳಿಯ ಅಂಚು, ನದಿ ಅಥವಾ ನೀರಿನ ಜಾಗದಲ್ಲಿರುವ ಅನಧಿಕೃತ ಕಟ್ಟಡಕ್ಕೆ, ಕೋರ್ಟೇ ಒಡೆಯಲು ಹೇಳಿದ್ದಕ್ಕೆ ಈ ನಿರ್ದೇಶನ ಅನ್ವಯಿಸುವುದಿಲ್ಲ. ವಾಸ್ಕೊದಲ್ಲಿ ರೈಲ್ವೆ, ಬಂದರು, ಪಂಚಾಯಿತಿ, ಖಾಸಗಿ ಜಾಗಗಳು ಒಂದಕ್ಕೊಂದು ಅಂಟಿಕೊಂಡಿವೆ. ಆದ್ದರಿಂದ ಮೊದಲು ಸರ್ವೆ ನಂಬರ್ ತಿಳಿದು ಜಾಗ ಯಾರದ್ದೆಂದು ಖಚಿತಪಡಿಸಿಕೊಳ್ಳಿ.

ಪ್ರತಿ ಮನೆಯವರೂ ಬೇರೆಬೇರೆ ಉತ್ತರ ಕೊಡಿ. ನೂರು ಸಹಿಯ ಒಂದೇ ಮನವಿ ಕೊಟ್ಟರೆ ಯಾರೊಬ್ಬರ ದಾಖಲೆಯೂ ನೋಡದೆ ಒಟ್ಟಿಗೆ ತಳ್ಳಿಹಾಕುವುದು ಸುಲಭ. ಮನೆತೆರಿಗೆ ರಸೀತಿ, ವಿದ್ಯುತ್ ಬಿಲ್, ಮತದಾರರ ಪಟ್ಟಿ, ಮಕ್ಕಳ ಶಾಲೆ ಕಾಗದ ವರ್ಷವಾರು ಜೋಡಿಸಿ. "ಖುದ್ದಾಗಿ ಆಲಿಸಬೇಕು, ಕನ್ನಡ ಬಲ್ಲವರು ಬೇಕು" ಎಂದು ಮೊದಲ ಸಾಲಿನಲ್ಲೇ ಬರೆಯಿರಿ. ಪಣಜಿಯಲ್ಲಿ ಗೋವಾ ಮಾನವ ಹಕ್ಕುಗಳ ಆಯೋಗವಿದೆ. ಕೇಳದೆ ಒಡೆಯಲು ಹೊರಟಿದ್ದಾರೆ ಎಂದು ಅಲ್ಲಿಗೆ ಬರೆಯಬಹುದು. ಆದರೆ ನಾಳೆ ಬೆಳಿಗ್ಗೆ ಜೆಸಿಬಿ ಬರುವುದಿದ್ದರೆ ಆಯೋಗದ ಶಿಫಾರಸಿನಿಂದ ಅದು ನಿಲ್ಲುವುದಿಲ್ಲ. ತಡೆಯಾಜ್ಞೆ ಬೇಕಾದರೆ ಪರ್ವರಿಯ ಹೈಕೋರ್ಟ್ ಪೀಠಕ್ಕೇ ಹೋಗಬೇಕು, ಕಾನೂನು ಸೇವೆಯ ವಕೀಲರನ್ನು ಇಂದೇ ಹಿಡಿಯಿರಿ.

ಪ್ರಶ್ನೆ: ಪರಿಹಾರ ಕೊಡಿ ಎಂದು ಆಯೋಗ ಹೇಳಿ ಎಂಟು ತಿಂಗಳಾಯಿತು. ಸರ್ಕಾರ ಸುಮ್ಮನಿದೆ.
(ಪಿಂಪ್ರಿ)

ಮೊದಲು ವಿಚಾರಣಾ ವರದಿಯ ನಕಲು ನಿಮ್ಮ ಬಳಿ ಇದೆಯೇ ನೋಡಿ, ದೂರುದಾರರಿಗೆ ಅದನ್ನು ಕೊಡಬೇಕೆಂದು 18ನೇ ಕಲಂನಲ್ಲೇ ಇದೆ. ಅದೇ ಕಲಂ ಪ್ರಕಾರ ಸರ್ಕಾರ ಒಂದು ತಿಂಗಳಲ್ಲಿ, ಅಥವಾ ಆಯೋಗ ಹೆಚ್ಚಿಗೆ ಕೊಟ್ಟ ಅವಧಿಯಲ್ಲಿ, ಕೈಗೊಂಡ ಕ್ರಮ ತಿಳಿಸಬೇಕು. ಆ ಉತ್ತರ ಬಂದಿದೆಯೇ ಎಂದು ಆಯೋಗಕ್ಕೆ ಅರ್ಜಿ ಹಾಕಿ. ಗೃಹ ಇಲಾಖೆಯ ಕಡತದಲ್ಲಿರುವ ಟಿಪ್ಪಣಿಗಳ ನಕಲನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಬಾರದಿದ್ದರೆ ಆಯೋಗವೇ ಹೈಕೋರ್ಟಿಗೆ ಹೋಗಬಹುದು, ನೀವೂ ರಿಟ್ ಹಾಕಬಹುದು. ಇದು ಬರೀ ಶಿಫಾರಸು ಎಂದು ಸರ್ಕಾರಿ ವಕೀಲರು ಹೇಳುವುದು ಖಂಡಿತ. 18ನೇ ಕಲಂ ಶಿಫಾರಸು ಸರ್ಕಾರವನ್ನು ಕಟ್ಟಿಹಾಕುತ್ತದೆ ಎಂದು ಮದ್ರಾಸ್ ಹೈಕೋರ್ಟಿನ ಪೂರ್ಣಪೀಠ 2021ರಲ್ಲಿ ಹೇಳಿದೆ. ಬಾಂಬೆ ಹೈಕೋರ್ಟ್ ಅದನ್ನು ಪಾಲಿಸಲೇಬೇಕೆಂದಿಲ್ಲ, ಆದರೂ ನಿಮ್ಮ ವಕೀಲರು ಮುಂದಿಡಬೇಕಾದ ತೀರ್ಪು ಅದು. ಅದರ ಜೊತೆ ರೋಜನಾಮೆಯ ನಕಲುಗಳನ್ನೂ ಲಗತ್ತಿಸಿ. ಎರಡೂ ಕಡೆಯವರನ್ನು ಕೇಳಿಯೇ ಈ ಶಿಫಾರಸು ಬಂದಿದೆ ಎಂದು ಅವು ತೋರಿಸಿದರೆ, ಮತ್ತೆ ವಿಚಾರಣೆಗೆ ಕಳಿಸಿ ಎಂದು ಕೇಳಲು ಸರ್ಕಾರಕ್ಕೆ ನೆಪ ಉಳಿಯುವುದಿಲ್ಲ.